ಬಳಪ, ಕಂಟ, ಬೆರಳು

ಕಳೆದ ಮಾಗಿಯಲ್ಲಿ ನಮ್ಮ ಕಾಲೇಜಿನ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳನ್ನು ಕರೆದುಕೊಂಡು ಅರಸೀಕೆರೆಯಿಂದ ಹೊರಟು, ಹಳೇಬೀಡು ಬೇಲೂರುಗಳನ್ನು ನೋಡಿಕೊಂಡು, ಹಲ್ಮಿಡಿಗೆ ಹೋಗಿದ್ದೆ. ಹೊಯ್ಸಳೇಶ್ವರನ ಗುಡಿಯಲ್ಲಿ ಕಾವಲುಗಾರನು ನಮ್ಮ ಹುಡುಗರ ಕೈಗಳ ಮೇಲೆ ಕಣ್ಣಿಟ್ಟೇ ಇದ್ದ. ಮುಟ್ಟಬೇಡಿ, ಮುಟ್ಟಬೇಡಿ ಎಂಬ ಆತನ ಮಾತು ನವರಂಗದ ಕತ್ತಲಲ್ಲಿ ಮಂತ್ರದಂತೆ ಕೇಳಿಬರುತ್ತಿತ್ತು. ಆತನದು ನ್ಯಾಯವೇ, ನಮ್ಮ ಹೊಯ್ಸಳ ಗುಡಿಗಳ ಬಳಪದ ಕಲ್ಲು ಮೃದುವಾದದ್ದು, ಬಯಕೆಯ ಬೆರಳುಗಳು ಎಷ್ಟು ಶತಮಾನ ಸವರಿದರೆ ತಾನೆ ಅದು ತಾಳೀತು?

ಹಲ್ಮಿಡಿಯಲ್ಲಿ ಆ ಅಂಜಿಕೆಯಿರಲಿಲ್ಲ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಮೂಲ ಶಾಸನವು ಮೈಸೂರನ್ನು ಸೇರಿ ಬಹುಕಾಲವಾಯಿತು. ಊರಿನಲ್ಲಿರುವುದು ಫೈಬರ್‌ಗ್ಲಾಸಿನ ಪ್ರತಿಕೃತಿ. ಸುಮಾರು ಕ್ರಿ. ಶ. 450ರದೆಂದು ವಿದ್ವಾಂಸರು ಹೇಳುವ ಆ ಹದಿನಾರು ಸಾಲುಗಳನ್ನು ನಾನು ಓದಿ ವಿವರಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಮುಂದೆ ಬಂದು ಒಂದೊಂದು ಅಕ್ಷರವನ್ನೂ ತೋರುಬೆರಳಿನಿಂದ ತಿದ್ದಿದಳು, ಒಂದನೆಯ ತರಗತಿಯ ಮಗು ಅಕ್ಕಿಯ ಮೇಲೆ ತಿದ್ದುವಂತೆ. ಅನಂತರ ಮೊಬೈಲನ್ನು ತೆಗೆದು ಚಿತ್ರ ಹಿಡಿದು, ಅದೇ ಬೆರಳಿನಿಂದ ಅದೇ ಅಕ್ಷರವನ್ನು ಗಾಜಿನ ಮೇಲೆ ಹಿಗ್ಗಿಸಿ ನೋಡಿದಳು. ಒಡನೆಯೇ ಪ್ರಶ್ನೆ ಬಂತು: “ಸರ್, ಹೀಗೆ ಮುಟ್ಟಿದರೆ ಕೆಲಸ ಮಾಡುವ ಕಂಪ್ಯೂಟರನ್ನು ಮೊದಲು ಮಾಡಿದವರು ಯಾರು? ಅಮೆರಿಕದವರು ತಾನೇ?”

ಕನ್ನಡ ಅಧ್ಯಾಪಕನನ್ನು ಕೇಳಬೇಕಾದ ಪ್ರಶ್ನೆಯಲ್ಲ. ಆದರೂ ನಾನು, “ಸಿಂಪ್ಯೂಟರ್ ಎಂಬ ಹೆಸರನ್ನು ಯಾರಾದರೂ ಕೇಳಿದ್ದೀರಾ?” ಎಂದೆ. ಯಾರೂ ಕೇಳಿರಲಿಲ್ಲ. ಹಿಂದೆ ನಿಂತಿದ್ದ ಹುಡುಗನೊಬ್ಬ, “ಕಂಪ್ಯೂಟರ್ ಅಂತಲಾ ಸರ್?” ಎಂದು ವಿನಯದಿಂದಲೇ ನನ್ನ ಉಚ್ಚಾರಣೆಯನ್ನು ತಿದ್ದಿದ. ಅವರು ಹುಟ್ಟುವ ಕೆಲವೇ ವರ್ಷ ಮೊದಲು, ಇಲ್ಲಿಂದ ನಾಲ್ಕೈದು ಗಂಟೆಯ ದಾರಿಯಾದ ಬೆಂಗಳೂರಿನಲ್ಲಿ ನಡೆದ ಕೆಲಸವದು. ಹದಿನೈದು ಶತಮಾನದ ಹಿಂದಿನ ಬರಹ ನಮ್ಮ ಕೈಗೆ ಸಿಕ್ಕಿದೆ. ಇಪ್ಪತ್ತೈದು ವರ್ಷದ ಹಿಂದಿನದು ಜಾರಿಹೋಗಿದೆ. ಅಂದು ಅಲ್ಲಿ ನಿಂತು ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಡುಗಿಯ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವೆಂದರೆ, ಮೊದಲು ಮಾಡಿದವರು ನಮ್ಮವರಲ್ಲ. ಬೆರಳಿನ ಸ್ಪರ್ಶವನ್ನು ಅರಿಯುವ ಪರದೆಯ ಕಲ್ಪನೆಯನ್ನು 1965ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್ ಎಂಬಲ್ಲಿದ್ದ ರಾಡಾರ್ ಸಂಶೋಧನಾಲಯದ ಇ. ಎ. ಜಾನ್ಸನ್ ಎಂಬವರು ಪ್ರಕಟಿಸಿದರು. ವಿಮಾನಗಳ ಸಂಚಾರವನ್ನು ನಿಯಂತ್ರಿಸುವವನು ಕೀಲಿಗಳನ್ನು ಹುಡುಕುತ್ತ ಕುಳಿತರೆ ಆಕಾಶದಲ್ಲಿ ಅನಾಹುತವಾದೀತೆಂಬುದು ಅದರ ಹಿಂದಿದ್ದ ಅವಸರ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 1972ರಲ್ಲಿ ‘ಪ್ಲೇಟೊ’ ಎಂಬ ಬೋಧನಾ ವ್ಯವಸ್ಥೆಯ ನಾಲ್ಕನೆಯ ಆವೃತ್ತಿಯಲ್ಲಿ ಕಿತ್ತಳೆ ಬಣ್ಣದ ಪರದೆಯನ್ನು ವಿದ್ಯಾರ್ಥಿಗಳ ಮುಂದಿಟ್ಟರು. ಅದರ ಮೇಲೆ ಅಡ್ಡ ಹದಿನಾರು ಉದ್ದ ಹದಿನಾರು ಚೌಕಗಳ ಕಣ್ಣಿಗೆ ಕಾಣದ ಜಾಲ. ಉತ್ತರವನ್ನು ಮುಟ್ಟಿ ತೋರಿಸಿದರೆ ಸಾಕು, ಯಂತ್ರವು ಸರಿ ತಪ್ಪು ಹೇಳುತ್ತಿತ್ತು. ಪಾಠಶಾಲೆಗೆ ಸ್ಪರ್ಶವು ಬಂದುದು ವ್ಯಾಪಾರಕ್ಕಿಂತ ಮೊದಲು ಎಂಬುದನ್ನು ಉಪಾಧ್ಯಾಯನಾದ ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ.

ಮೇಜಿನ ಮೇಲಿಟ್ಟುಕೊಳ್ಳುವ ಸ್ವಂತ ಗಣಕಕ್ಕೆ ಈ ಗುಣವನ್ನು ಕೊಟ್ಟು ಮಾರುಕಟ್ಟೆಗೆ ಬಿಟ್ಟವರಲ್ಲಿ ಮೊದಲಿಗರು ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯವರು. 1983ರ ಅವರ ಎಚ್‌ಪಿ-150 ಗಣಕಕ್ಕೆ ಒಂಬತ್ತು ಅಂಗುಲದ ಪರದೆ. ಅದರ ಚೌಕಟ್ಟಿನ ಸುತ್ತ ಸಣ್ಣ ಸಣ್ಣ ರಂಧ್ರಗಳು. ಒಂದು ಬದಿಯಿಂದ ಅವಗೆಂಪು ಕಿರಣ ಹೊರಟು ಇನ್ನೊಂದು ಬದಿಯ ಕಣ್ಣನ್ನು ಸೇರುತ್ತಿತ್ತು. ಬೆರಳು ಅಡ್ಡಬಂದರೆ ಅಡ್ಡದ್ದೊಂದು, ಉದ್ದದ್ದೊಂದು ಕಿರಣ ಕಡಿದು, ಬೆರಳಿರುವ ಜಾಗ ಯಂತ್ರಕ್ಕೆ ತಿಳಿಯುತ್ತಿತ್ತು. ನಿಜವಾಗಿ ಗಾಜನ್ನು ಮುಟ್ಟಬೇಕಾಗಿಯೇ ಇರಲಿಲ್ಲ, ಹತ್ತಿರ ಒಯ್ದರಾಯಿತು. ಉಪಾಯವೇನೋ ಸೊಗಸೇ. ಆದರೆ ಆ ರಂಧ್ರಗಳಲ್ಲಿ ಧೂಳು ತುಂಬಿಕೊಂಡು ಯಂತ್ರ ಕುರುಡಾಗುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕೆಂದರೆ, ಎದುರಿಗೆ ನೆಟ್ಟಗೆ ನಿಂತ ಪರದೆಯತ್ತ ದಿನವೆಲ್ಲ ಕೈ ಚಾಚಿ ಕುಳಿತವನ ತೋಳು ಸೋತುಹೋಗುತ್ತಿತ್ತು. ವರ್ಷಗಟ್ಟಲೆ ಕಲ್ಲಿನ ಮುಂದೆ ಕೈಯೆತ್ತಿ ಉಳಿ ಹಿಡಿದ ಬೇಲೂರಿನ ಶಿಲ್ಪಿಗಳು ಈ ದೂರನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!

ಪರದೆಯನ್ನು ಮಲಗಿಸಿ ಕೈಗೆ ಕೊಟ್ಟ ಮೇಲೆ ತೋಳಿನ ಕಷ್ಟ ತಪ್ಪಿತು. 1989ರ ಗ್ರಿಡ್‌ಪ್ಯಾಡ್, 1993ರ ನ್ಯೂಟನ್, 1996ರ ಪಾಮ್ ಪೈಲಟ್ ಎಂದು ಇವುಗಳ ವಂಶಾವಳಿ. ಇವೆಲ್ಲಕ್ಕೂ ಬೆರಳಲ್ಲ, ಕಡ್ಡಿಯೊಂದು ಬೇಕು. ಪಾಮ್ ಪೈಲಟ್ಟಿನವರು ಒಂದು ವಿಚಿತ್ರವಾದ ಕರಾರನ್ನು ಹಾಕಿದರು: ಯಂತ್ರವು ನಿಮ್ಮ ಕೈಬರಹವನ್ನು ಕಲಿಯುವುದಿಲ್ಲ, ಯಂತ್ರಕ್ಕೆ ಅರ್ಥವಾಗುವಂತೆ ಸರಳಗೊಳಿಸಿದ ಅಕ್ಷರಗಳನ್ನು ನೀವೇ ಕಲಿಯಿರಿ. ಜನ ಕಲಿತರು. ಆದರೆ ಅವು ರೋಮನ್ ಅಕ್ಷರಗಳು. ಇಂಗ್ಲಿಷ್ ಬಲ್ಲ, ವ್ಯವಹಾರದ ದಿನಚರಿಯುಳ್ಳ, ಕೋಟಿನ ಜೇಬುಳ್ಳ ಮನುಷ್ಯನಿಗಾಗಿ ಮಾಡಿದ ಸಲಕರಣೆಗಳು ಇವು.

ಇಲ್ಲಿ ಒಂದು ಹಳೆಯ ವಸ್ತುವಿನ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಬರೆದು ಅಳಿಸಿ ಮತ್ತೆ ಬರೆಯಬಹುದಾದ, ಮಡಿಸಿ ಕಂಕುಳಲ್ಲಿ ಇಟ್ಟುಕೊಳ್ಳಬಹುದಾದ ಫಲಕವೊಂದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಇತ್ತು. ಅದರ ಹೆಸರು ಕಡತ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಕಪ್ಪಾದ ಆ ಹಾಳೆಯನ್ನು ಹಿಂದೆ ಮುಂದೆ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ವರ್ತಕರ ಲೆಕ್ಕ, ಶಾನುಭೋಗರ ಲೆಕ್ಕ, ಮಠಗಳ ದಾಖಲೆ ಎಲ್ಲವೂ ಕಡತದಲ್ಲಿ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಆಧಾರಗಳಾಗಿವೆ. ಇಂದು ಕಚೇರಿಗಳಲ್ಲಿ ಕಾಗದದ ಫೈಲಿಗೆ ಕಡತವೆನ್ನುತ್ತೇವೆ. ಬಟ್ಟೆ ಹೋಯಿತು, ಹೆಸರು ಉಳಿಯಿತು. ಅದರ ಮೇಲೆ ಬರೆಯುತ್ತಿದ್ದ ಬಳಪವಾದರೋ ಚೆನ್ನಕೇಶವನ ಗುಡಿಯನ್ನು ಕಟ್ಟಿದ ಕಲ್ಲಿನ ಜಾತಿಯದೇ. ಅದೇ ಕಲ್ಲು ಒಂದು ಕಡೆ ಬರಹವನ್ನು ಸಾವಿರ ವರ್ಷ ಹಿಡಿದಿಡುತ್ತದೆ, ಇನ್ನೊಂದು ಕಡೆ ಸಂಜೆಯೊಳಗೆ ಒರಸಿಹೋಗುವ ಲೆಕ್ಕವನ್ನು ಬರೆಯುತ್ತದೆ.

ಆದರೆ ಕಡತಕ್ಕೆ ಒಂದು ಗುಣ ಇರಲಿಲ್ಲ. ಅಕ್ಷರ ಬಲ್ಲವನಿಗೆ ಮಾತ್ರ ಅದು ಬಾಯಿ ಬಿಡುತ್ತಿತ್ತು. ಉಳುವವನು ಶಾನುಭೋಗರ ಜಗುಲಿಯ ಕೆಳಗೆ ನಿಂತು, ಅವರು ಓದಿದುದನ್ನು ಕೇಳಿ, ಹೆಬ್ಬೆಟ್ಟನ್ನು ಒತ್ತಿ ಬರುತ್ತಿದ್ದ. ಹೆಬ್ಬೆಟ್ಟಿನವನು ಎಂಬುದು ನಮ್ಮ ಭಾಷೆಯಲ್ಲಿ ಬೈಗುಳವಾಯಿತು. ನನ್ನ ಅಜ್ಜಿಯ ಎಡಗೈ ಹೆಬ್ಬೆರಳಿನಲ್ಲಿ ಶಾಯಿಯ ಕಲೆಯನ್ನು ನೋಡಿದಾಗಲೆಲ್ಲ ಆಕೆ ಅದನ್ನು ಸೆರಗಿನಲ್ಲಿ ಮರೆಮಾಡಿಕೊಳ್ಳುತ್ತಿದ್ದುದು ನನಗೆ ಈಗಲೂ ನೆನಪಿದೆ.

ಸಿಂಪ್ಯೂಟರನ್ನು ಕಲ್ಪಿಸಿದವರ ಎಣಿಕೆಯಲ್ಲಿ ಇದ್ದುದು ಇಂಥವರೇ. 1998ರಲ್ಲಿ ಬೆಂಗಳೂರಿನಲ್ಲಿ ಸೇರಿದ ಒಂದು ಅಂತರರಾಷ್ಟ್ರೀಯ ಸಭೆಯು, ಬಡ ದೇಶಗಳಲ್ಲಿ ಮಾಹಿತಿ ತಂತ್ರಜ್ಞಾನ ಹೇಗಿರಬೇಕೆಂಬ ಬಗ್ಗೆ ‘ಬೆಂಗಳೂರು ಘೋಷಣೆ’ಯನ್ನು ಹೊರಡಿಸಿತು. ಆ ಸಂದರ್ಭದಲ್ಲಿ ಹುಟ್ಟಿದ ವಿಚಾರವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಅಧ್ಯಾಪಕರೂ, ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರೂ ಕೈಗೆತ್ತಿಕೊಂಡರು. 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಆಯಿತು. 2001ರ ಏಪ್ರಿಲಿನಲ್ಲಿ ಮಾದರಿ ಯಂತ್ರವನ್ನು ಲೋಕಕ್ಕೆ ತೋರಿಸಿದರು. ಸರಳವಾದ, ಅಗ್ಗವಾದ, ಹಲವು ಭಾಷೆಗಳ ಗಣಕ ಎಂಬುದಕ್ಕೆ ಇಂಗ್ಲಿಷಿನಲ್ಲಿ ಬರುವ ಪದಗಳ ತುಣುಕುಗಳನ್ನು ಜೋಡಿಸಿ ಆ ಹೆಸರನ್ನು ಕಟ್ಟಿದ್ದರು.

ಅಂಗೈಯಗಲದ ಯಂತ್ರ. ಕೀಲಿಮಣೆಯಿಲ್ಲ. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದಿಂದ ನಡೆಯುತ್ತಿತ್ತು. ಕರೆಂಟು ಇಲ್ಲದ ಊರಿನಲ್ಲಿಯೂ ಬಳಕೆಯಾಗಲೆಂದು ಅಂಗಡಿಯಲ್ಲಿ ಸಿಗುವ ಸಣ್ಣ ಸೆಲ್ಲುಗಳಿಂದ ನಡೆಯುವಂತೆ ಮಾಡಿದ್ದರು. ಪರದೆಯ ಮೇಲಣ ಚಿತ್ರವನ್ನು ಪ್ಲಾಸ್ಟಿಕ್ಕಿನ ಕಡ್ಡಿಯಿಂದ ಒತ್ತಬೇಕು. ಓಲೆಗರಿಯ ಮೇಲೆ ಬರೆಯುವ ಉಕ್ಕಿನ ಕಡ್ಡಿಗೆ ನಮ್ಮ ಹಿರಿಯರು ಕಂಟವೆಂದರು. ಆ ಹೆಸರನ್ನೇ ಇದಕ್ಕೂ ಕೊಡಬಹುದಿತ್ತು. ಒತ್ತುವ ಪರದೆಯ ಗುಟ್ಟು ಇಷ್ಟೆ: ಒಂದರ ಮೇಲೊಂದು ಎರಡು ತೆಳುವಾದ ಪಾರದರ್ಶಕ ಪದರಗಳು, ನಡುವೆ ಕೂದಲೆಳೆಯಷ್ಟು ತೆರಪು. ಒತ್ತಿದ ಕಡೆ ಎರಡೂ ಕೂಡಿ ವಿದ್ಯುತ್ತು ಹಾಯುತ್ತದೆ. ಆ ವಿದ್ಯುತ್ತಿನ ಅಳತೆಯಿಂದ ಒತ್ತಿದ ಜಾಗ ಗೊತ್ತಾಗುತ್ತದೆ. ಕಡ್ಡಿಯಾದರೇನು, ಉಗುರಾದರೇನು, ಕೊಬ್ಬರಿ ಸುಲಿದು ಒರಟಾದ ಬೆರಳಾದರೇನು, ಅದಕ್ಕೆ ಎಲ್ಲವೂ ಒಂದೇ. ಇಂದಿನ ಮೊಬೈಲಿನ ಗಾಜು ಹಾಗಲ್ಲ. ಅದು ಮೈಯ ವಿದ್ಯುದಂಶವನ್ನು ಅರಿಯುವಂಥದು. ಒಣ ಕಡ್ಡಿಗೆ ಅದು ಕಿವುಡು.

ಎರಡು ಸಂಗತಿಗಳನ್ನು ಮುಖ್ಯವಾಗಿ ಹೇಳಬೇಕು. ಆ ಯಂತ್ರವು ಓದಿ ಹೇಳುತ್ತಿತ್ತು. ಹರಿಹರನ್ ಅವರ ಬಳಗದವರು ‘ಧ್ವನಿ’ ಎಂಬ ತಂತ್ರಾಂಶವನ್ನು ರಚಿಸಿ, ಪರದೆಯ ಮೇಲಣ ಬರಹವನ್ನು ಭಾರತೀಯ ಭಾಷೆಗಳಲ್ಲಿ, ಕನ್ನಡದಲ್ಲಿ ಸಹ, ಗಟ್ಟಿಯಾಗಿ ನುಡಿಸಿದರು. ಅಕ್ಷರ ಬಾರದವನಿಗೂ ಚಿತ್ರವನ್ನು ಮುಟ್ಟಿದರೆ ಮಾತು ಕೇಳಬಹುದು. ಎರಡನೆಯದು ಸ್ಮಾರ್ಟ್ ಕಾರ್ಡು. ಬಡವನಿಗೆ ಇಡೀ ಯಂತ್ರವನ್ನು ಕೊಳ್ಳಲು ಶಕ್ತಿಯಿಲ್ಲ. ಆದ್ದರಿಂದ ಊರಿಗೆ ಒಂದು ಯಂತ್ರ, ಶಾಲೆಯಲ್ಲೋ ಅಂಗಡಿಯಲ್ಲೋ ಇರಲಿ; ಪ್ರತಿಯೊಬ್ಬನಿಗೂ ಒಂದು ಅಗ್ಗದ ಕಾರ್ಡು. ತನ್ನ ಕಾರ್ಡನ್ನು ತೂರಿಸಿದರೆ ಆ ಹೊತ್ತಿಗೆ ಅದು ತನ್ನ ಗಣಕ. ತೆಗೆದುಕೊಂಡು ಹೋದರೆ ತನ್ನ ಗುಟ್ಟು ತನ್ನ ಜೇಬಿನಲ್ಲಿ. ಊರ ಬಾವಿಗೆ ನಮ್ಮ ನಮ್ಮ ಕೊಡವನ್ನು ಒಯ್ಯುವಂತೆ. ಗಣಕದ ಚರಿತ್ರೆಯಲ್ಲಿ ಸ್ವಂತ ಗಣಕವೆಂದರೆ ಒಬ್ಬನಿಗೆ ಒಂದು ಎಂಬುದೇ ಅರ್ಥವಾಗಿದ್ದ ಕಾಲದಲ್ಲಿ ಈ ವಿಚಾರ ಎಷ್ಟು ಬೇರೆಯದೆಂಬುದನ್ನು ಗಮನಿಸಬೇಕು. ಯಂತ್ರದ ರಚನೆಯನ್ನೂ ಅವರು ಬೀಗ ಹಾಕಿ ಇಡಲಿಲ್ಲ. ಯಾರು ಬೇಕಾದರೂ ನೋಡಿ, ಪರವಾನಗಿ ಪಡೆದು ತಯಾರಿಸುವಂತೆ ಬಿಚ್ಚಿಟ್ಟರು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಇದನ್ನು ಮೆಚ್ಚಿ ಬರೆದರು.

ನಾನು ಆಗ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ವಿದ್ಯಾರ್ಥಿ. ವಿದ್ಯಾರ್ಥಿನಿಲಯದಲ್ಲಿ ಪತ್ರಿಕೆಯ ಸುದ್ದಿಯನ್ನು ಓದಿದ ಗೆಳೆಯನೊಬ್ಬ, “ಓದು ಬಾರದವನಿಗೆ ಕಂಪ್ಯೂಟರಂತೆ! ಮೊದಲು ಅಕ್ಷರ ಕಲಿಸಲಿ” ಎಂದ. ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಅದೇ ದಿನಗಳಲ್ಲಿ ನಾವು ಜಾನಪದ ತರಗತಿಯಲ್ಲಿ ಮಲೆಯ ಮಾದೇಶ್ವರನ ಕಾವ್ಯವನ್ನು ಓದುತ್ತಿದ್ದೆವು. ಅಕ್ಷರದ ಗೊಡವೆಯಿಲ್ಲದ ಗಾಯಕರು ರಾತ್ರಿಯಿಡೀ ನೆನಪಿನಿಂದ ಹಾಡಿದ ಮಹಾಕಾವ್ಯ ಅದು. ಕಿವಿಯಿಂದ ಬಂದ ವಿದ್ಯೆಯೂ ವಿದ್ಯೆಯೇ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವರು, ಯಂತ್ರದ ಮಾತು ಬಂದೊಡನೆ ಅಕ್ಷರವೇ ಹೆಬ್ಬಾಗಿಲೆಂದು ಅಡ್ಡ ನಿಂತೆವು. ಬೆಂಗಳೂರಿನ ಆ ವಿಜ್ಞಾನಿಗಳು ನಮ್ಮ ಪಠ್ಯವನ್ನು ಓದದಿದ್ದರೂ ನಮಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ಈ ಮಾತನ್ನು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು.

ಕೀಲಿಮಣೆಯ ವಿಷಯದಲ್ಲಿಯೂ ಒಂದು ಮಾತು. ಕನ್ನಡದ ಗುಣಿತ, ಒತ್ತು, ಸಂಯುಕ್ತಾಕ್ಷರಗಳನ್ನೆಲ್ಲ ಬೆರಳೆಣಿಕೆಯ ಕೀಲಿಗಳಿಗೆ ಇಳಿಸುವುದು ಸಣ್ಣ ಕೆಲಸವಲ್ಲ. ಮೂಲ ವರ್ಣಗಳನ್ನಷ್ಟೇ ಕೀಲಿಗಳಿಗೆ ಕೊಟ್ಟು ಕೂಡಿಸುವ ಹೊಣೆಯನ್ನು ಯಂತ್ರಕ್ಕೆ ಬಿಟ್ಟ ಕೆ. ಪಿ. ರಾವ್ ಅವರ ವಿನ್ಯಾಸವು ಈ ಕಷ್ಟವನ್ನು ಬಹಳ ಮಟ್ಟಿಗೆ ನೀಗಿತು. ‘ನುಡಿ’ ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೆ ಹೋಯಿತು. ಆದರೆ ಅಂಗಡಿಯಲ್ಲಿ ಸಿಗುವ ಕೀಲಿಮಣೆಯ ಮೇಲೆ ಅಚ್ಚಾಗಿರುವುದು ಇಂಗ್ಲಿಷ್ ಅಕ್ಷರವೇ. ಕನ್ನಡವನ್ನು ಬೆರಳು ಬಾಯಿಪಾಠ ಮಾಡಿಕೊಳ್ಳಬೇಕು. ಮುಟ್ಟುವ ಪರದೆಯಲ್ಲಿ ಈ ಅಡಚಣೆಯೇ ಇಲ್ಲ. ಅಲ್ಲಿ ಬರೆದು ತೋರಿಸಿದುದೇ ಕೀಲಿ: ‘ಕ’ ಎಂದು ಬರೆದರೆ ‘ಕ’, ತೆಂಗಿನಮರದ ಚಿತ್ರ ಬರೆದರೆ ತೆಂಗಿನಮರ. ಸ್ಪರ್ಶಪರದೆಯು ಗಣಕದ ಚರಿತ್ರೆಯಲ್ಲಿ ಒಂದು ಅನುಕೂಲ ಮಾತ್ರವೆಂದು ಬಗೆದವರು ಇಂಗ್ಲಿಷಿನಲ್ಲಿ ಹುಟ್ಟಿ ಬೆಳೆದವರು. ಉಳಿದವರಿಗೆ ಅದು ಬಾಗಿಲು.

ಆ ಬಾಗಿಲಿನಿಂದ ಸಿಂಪ್ಯೂಟರೇಕೆ ಒಳಗೆ ಬರಲಿಲ್ಲ? ಹಣ ಹೊಂದಿಸಿ ತಯಾರಿಕೆಗೆ ಇಳಿಯುವುದರಲ್ಲಿಯೇ ಮೂರು ವರ್ಷ ಕಳೆಯಿತು. ವಿಜ್ಞಾನಿಗಳು ಕಟ್ಟಿದ ಪಿಕೊಪೆಟ ಎಂಬ ಸಂಸ್ಥೆಯೂ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಕೂಡಿ ‘ಅಮಿದ’ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದುದು 2004ರಲ್ಲಿ. ಬೆಲೆ ಸುಮಾರು ಹತ್ತು ಸಾವಿರ ರೂಪಾಯಿಯಿಂದ ಮೇಲಕ್ಕೆ. ಅಷ್ಟು ಹೊತ್ತಿಗೆ ಮೊಬೈಲು ಹಳ್ಳಿಯ ಅಂಚಿಗೆ ಬಂದು ನಿಂತಿತ್ತು. ಒಳಬರುವ ಕರೆಗೆ ಹಣ ಕೊಡಬೇಕಾಗಿಲ್ಲವೆಂಬ ವ್ಯವಸ್ಥೆ 2003ರಲ್ಲಿ ಬಂದ ಮೇಲೆ ಅದರ ಓಟವನ್ನು ತಡೆಯುವವರೇ ಇರಲಿಲ್ಲ. ಸಿಂಪ್ಯೂಟರು ಕೆಲವು ಸಾವಿರದ ಲೆಕ್ಕದಲ್ಲಿ ಮಾರಾಟವಾಗಿ ನಿಂತಿತು. ನಮ್ಮ ಜನರಿಗೆ ಮೊದಲು ಬೇಕಾಗಿದ್ದುದು ದೂರದ ಮಗನ ದನಿ. ದನಿಯ ಹಿಂದೆಯೇ ಉಳಿದುದೆಲ್ಲ ಬಂತು. ಸಿಂಪ್ಯೂಟರಿನವರು ಎಡವಿದುದು ಇಲ್ಲಿ ಎಂದು ನನ್ನ ತಿಳುವಳಿಕೆ: ಮಾಹಿತಿ ಬೇಕೆಂದು ಹಳ್ಳಿಯವನು ಕಾದಿದ್ದಾನೆಂದು ಅವರು ನಂಬಿದರು, ಅವನು ಕಾದಿದ್ದುದು ಮಾತಿಗಾಗಿ. ಅಮಿದ ಯಂತ್ರವನ್ನು ಕೈಯಲ್ಲಿ ಓರೆಮಾಡಿದರೆ ಅದಕ್ಕೆ ತಿಳಿಯುತ್ತಿತ್ತು, ಅಲುಗಾಡಿಸಿ ಪುಟ ಮಗುಚಬಹುದಾಗಿತ್ತು. ಇಂಥ ಗುಣವನ್ನು ಮೂರು ವರ್ಷದ ಅನಂತರ, 2007ರಲ್ಲಿ, ಐಫೋನಿನಲ್ಲಿ ಕಂಡು ಲೋಕ ಬೆರಗಾಯಿತು. ಬೆಂಗಳೂರಿನವರು ಬೆರಗಾದುದನ್ನೂ ನಾನು ಕಂಡಿದ್ದೇನೆ.

ಕರ್ನಾಟಕ ಸರ್ಕಾರವು ಭೂದಾಖಲೆಯ ಕೆಲಸಕ್ಕೆ ಸಿಂಪ್ಯೂಟರನ್ನು ಬಳಸಿ ನೋಡಿತು. ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಹದಿನೈದು ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕೊಡತೊಡಗಿದ ‘ಭೂಮಿ’ ಯೋಜನೆಯ ಕಾಲ ಅದು. ಅಜ್ಜಿಯನ್ನು ಕರೆದುಕೊಂಡು ನಾನೂ ಆ ಕಿಟಕಿಯ ಮುಂದೆ ನಿಂತಿದ್ದೆ. ಅಚ್ಚಾಗಿ ಬಂದ ಹಾಳೆಯನ್ನು ಅಜ್ಜಿ ಎರಡೂ ಕೈಗಳಿಂದ ಹಿಡಿದು, ತಿರುಗಿಸಿ ನೋಡಿ, “ಇದರಲ್ಲಿ ನನ್ನೆಸರು ಎಲ್ಲೈತೆ, ಮುಟ್ಟಿ ತೋರಿಸು ಮಗ” ಎಂದಳು. ಕೈಹಿಡಿದು ಬೆರಳನ್ನು ಇಟ್ಟು ತೋರಿಸಿದೆ. ಹಾಳೆ ಮಾತನಾಡಲಿಲ್ಲ. ಮಾತನಾಡಬಲ್ಲ ಯಂತ್ರವೊಂದು ಆಗಲೇ ಇತ್ತೆಂಬುದು ಆಕೆಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ನಕ್ಕು ಮರೆತಿದ್ದೆ. ಯೋಚಿಸಿ ನೋಡಿದರೆ ಹಲ್ಮಿಡಿಯ ಶಾಸನವೂ ವೀರನೊಬ್ಬನಿಗೆ ಊರುಗಳನ್ನು ಬಿಟ್ಟುಕೊಟ್ಟ ದಾಖಲೆಯೇ. ಕನ್ನಡದ ಮೊದಲ ಶಾಸನವೆಂಬ ಪಟ್ಟಕ್ಕೆ ಈಚೆಗೆ ತಾಳಗುಂದವೂ ಎದುರು ನಿಂತಿದೆ, ಆ ವ್ಯಾಜ್ಯ ಬೇರೆ. ಆದರೆ ನೆಲದ ಲೆಕ್ಕದೊಡನೆ ನಮ್ಮ ಬರಹದ ನಂಟು ಬಹು ಹಳೆಯದು.

ಹಲ್ಮಿಡಿಯಿಂದ ಹಿಂದಿರುಗುವಾಗ ಕತ್ತಲಾಗಿತ್ತು. ಜಾವಗಲ್ ದಾಟಿದ ಮೇಲೆ ಬಸ್ಸಿನಲ್ಲಿ ಎಲ್ಲರ ಮುಖದ ಮೇಲೂ ಮೊಬೈಲಿನ ಬೆಳಕು. ಅಕ್ಷರ ತಿದ್ದಿದ ಆ ಹುಡುಗಿ ನನ್ನ ಮುಂದಿನ ಆಸನದಲ್ಲಿ ಕುಳಿತು ಅಣ್ಣನಿಗೆ ಏನನ್ನೋ ಬರೆಯುತ್ತಿದ್ದಳು. ಕನ್ನಡದ ಮಾತು, ರೋಮನ್ ಅಕ್ಷರ. ತಡವಾಗುತ್ತದೆಂದು ಅಮ್ಮನಿಗೆ ಓದಿ ಹೇಳು ಎಂದು ಅದರ ಸಾರ. “ಅಮ್ಮನಿಗೇ ಬರೆಯಬಾರದೇನಮ್ಮ?” ಎಂದೆ.

“ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬರಲ್ಲ ಸರ್. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಓದಿದ್ದಾರೆ.”

“ಕನ್ನಡದಲ್ಲೇ ಬರಿ.”

“ಕನ್ನಡ ಕೀಬೋರ್ಡು ಎಲ್ಲಿರುತ್ತೆ ಅಂತ ಗೊತ್ತಿಲ್ಲ ಸರ್” ಎಂದಳು, ಐಚ್ಛಿಕ ಕನ್ನಡದ ವಿದ್ಯಾರ್ಥಿನಿ.

ಹುಡುಕಿ ಹಾಕಿಕೊಟ್ಟೆ. ಮೊದಲ ಮಾತೇ ತೊಡಕಿನದು. ‘ಅಮಮ’ ಎಂದಾಯಿತು. ಅಳಿಸಿದಳು. ಮತ್ತೆ ‘ಅಮಮ’. ನಡುವೆ ಅರ್ಧಾಕ್ಷರದ ಗುರುತನ್ನು ಮುಟ್ಟಬೇಕೆಂದು ತೋರಿಸಿದ ಮೇಲೆ ಒಂದು ‘ಮ’ ಇನ್ನೊಂದರ ಅಡಿಗೆ ಹೋಗಿ ಕುಳಿತಿತು. ಪಕ್ಕದವರು ಬಗ್ಗಿ ನೋಡಿದರು. ತಮ್ಮ ತಮ್ಮ ಮೊಬೈಲುಗಳನ್ನು ಮುಂದೆ ಚಾಚಿದರು. ಅರಸೀಕೆರೆಯ ದೀಪಗಳು ಕಾಣುವ ಹೊತ್ತಿಗೆ ತಾಯಿಯ ಉತ್ತರ ಬಂತು. ಬರಹವಲ್ಲ, ದನಿ. ಹುಡುಗಿ ಅದನ್ನು ಮುಟ್ಟಿದಳು, ಬಸ್ಸಿಗೆಲ್ಲ ಕೇಳಿಸಿತು:

“ಏನೇ ಇದು, ನಿನ್ ಫೋನು ಕನ್ನಡ ಕಲ್ತ್‌ಬಿಡ್ತಾ?”